ವಿರಕ್ತಿಯೂ ವಿಮುಖತೆಯೂ: ಶೂನ್ಯಸಂಪಾದನೆಯ ಏಕಾಂತಜೀವಿಗಳು

ಜನಸಂಪರ್ಕವನ್ನು ಬಿಟ್ಟು ಒಂಟಿಯಾಗಿ ಬಾಳುವವರು ಎಲ್ಲ ಕಾಲಗಳಲ್ಲಿಯೂ ಎಲ್ಲ ನಾಡುಗಳಲ್ಲಿಯೂ ಕಂಡುಬರುತ್ತಾರೆ. ಅಂಥವರ ವಿಷಯದಲ್ಲಿ ಸಮಾಜದ ಮನಸ್ಸು ಎರಡು ಬಗೆಯಾಗಿ ವರ್ತಿಸುವುದುಂಟು. ಒಂದು, ಅವರನ್ನು ಮಹಾವೈರಾಗ್ಯಶಾಲಿಗಳೆಂದು ದೂರದಿಂದಲೇ ಕೈಮುಗಿದು ಸುಮ್ಮನಾಗುವುದು. ಇನ್ನೊಂದು, ಅವರನ್ನು ಕೈಲಾಗದವರೆಂದೋ ಮರುಳರೆಂದೋ ಬಗೆದು ಮರೆತುಬಿಡುವುದು. ಮೇಲುನೋಟಕ್ಕೆ ಇವೆರಡೂ ಪರಸ್ಪರ ವಿರುದ್ಧವಾಗಿ ತೋರುತ್ತವೆ. ಆದರೆ ಎರಡರಲ್ಲಿಯೂ ಒಂದು ಸಮಾನಾಂಶವಿದೆ: ಆ ವ್ಯಕ್ತಿಯ ಬಳಿಗೆ ಹೋಗಿ, ಎದುರಿಗೆ ಕುಳಿತು, ಮಾತನಾಡಿಸುವವರು ಯಾರೂ ಇರುವುದಿಲ್ಲ.

ವಚನಸಾಹಿತ್ಯದ ಪರಂಪರೆಯು ಈ ಪ್ರಶ್ನೆಯನ್ನು ಹೇಗೆ ಎದುರಿಸಿತು? ಲೋಕವನ್ನು ಬಿಟ್ಟವನ ಬಿಡುಗೆಯಲ್ಲಿ ವಿರಕ್ತಿ ಯಾವುದು, ವಿಮುಖತೆ ಯಾವುದು ಎಂಬುದನ್ನು ಅದು ಹೇಗೆ ಗುರುತಿಸಿತು? ಈ ವಿಚಾರಕ್ಕೆ ಶೂನ್ಯಸಂಪಾದನೆಗಿಂತ ಮಿಗಿಲಾದ ಆಕರ ಕನ್ನಡದಲ್ಲಿ ದೊರೆಯಲಾರದು.

ಶೂನ್ಯಸಂಪಾದನೆಯು ೧೨ನೆಯ ಶತಮಾನದ ಶರಣರ ವಚನಗಳನ್ನು ಸಂವಾದರೂಪದಲ್ಲಿ ಹೆಣೆದ ಕೃತಿ. ಇದನ್ನು ಮೊದಲು ಸಂಕಲಿಸಿದವನು ೧೫ನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯ. ಅವನ ತರುವಾಯ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗದೇವ, ಗೂಳೂರು ಸಿದ್ಧವೀರಣ್ಣೊಡೆಯ ಇವರು ಅದನ್ನು ಪರಿಷ್ಕರಿಸಿ ವಿಸ್ತರಿಸಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ೧೯೬೫ರಿಂದ ೧೯೭೨ರವರೆಗೆ ಐದು ಸಂಪುಟಗಳಲ್ಲಿ ಇದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದ ಮೇಲೆ ಹೊರನಾಡಿನ ವಿದ್ವಾಂಸರ ಗಮನವೂ ಇದರ ಕಡೆಗೆ ಹರಿಯಿತು.

ಇಲ್ಲಿ ಇತಿಹಾಸದ ಒಂದು ಎಚ್ಚರ ಅವಶ್ಯ. ಶೂನ್ಯಸಂಪಾದನೆಯ ಸಂವಾದಗಳನ್ನು ಕಲ್ಯಾಣದ ಅನುಭವಮಂಟಪದಲ್ಲಿ ಕುಳಿತು ಬರೆದುಕೊಂಡ ವರದಿಯೆಂದು ಭಾವಿಸಲಾಗದು. ವಚನಗಳು ಶರಣರವು, ಅವುಗಳನ್ನು ಪ್ರಶ್ನೋತ್ತರಗಳಾಗಿ ಜೋಡಿಸಿ ನಡುನಡುವೆ ಕಥನದ ಎಳೆಯನ್ನು ಸೇರಿಸಿದ ಕೈ ಸುಮಾರು ಎರಡೂವರೆ ಶತಮಾನಗಳ ಈಚಿನದು. ಆದ್ದರಿಂದ ಇದರಲ್ಲಿ ಎರಡು ಕಾಲಗಳ ಮನಸ್ಸು ಬೆರೆತಿದೆ. ಪ್ರೌಢದೇವರಾಯನು ವಿಜಯನಗರವನ್ನು ಆಳಿದ ೧೪೨೪ರಿಂದ ೧೪೪೬ರವರೆಗಿನ ಕಾಲವು ನೂರೊಂದು ವಿರಕ್ತರ ಕಾಲವೆಂದು ವೀರಶೈವ ಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಲಕ್ಕಣ್ಣ ದಂಡೇಶ, ಜಕ್ಕಣಾರ್ಯ, ಚಾಮರಸ ಮೊದಲಾದವರು ಬಾಳಿದ ಕಾಲವದು. ಮನೆಮಾರು ತೊರೆದ ವಿರಕ್ತರ ಸಮುದಾಯವೊಂದು ನಾಡಿನಲ್ಲಿ ನೆಲೆಗೊಂಡಾಗ, ತೊರೆಯುವುದೆಂದರೇನು ಎಂಬ ಪ್ರಶ್ನೆ ಅವರಿಗೆ ಬರಿಯ ತತ್ತ್ವಚರ್ಚೆಯಾಗಿರಲಿಲ್ಲ. ಅದು ಅವರ ಬಾಳಿನ ಪ್ರಶ್ನೆಯೇ ಆಗಿತ್ತು. ಆ ವಾತಾವರಣದಲ್ಲಿ ರೂಪುಗೊಂಡ ಕೃತಿಯು ಪರಮವಿರಕ್ತರಾದ ಅಲ್ಲಮಪ್ರಭುಗಳನ್ನು ನಾಯಕರನ್ನಾಗಿ ಮಾಡಿಕೊಂಡದ್ದು ಸಹಜ. ಆದರೆ ಆ ಪ್ರಭುದೇವರು ಕೃತಿಯಲ್ಲಿ ಮಾಡುವ ಕೆಲಸವಾದರೂ ಏನು? ಗುಹೆಯಲ್ಲಿ ಕುಳಿತಿರುವುದಲ್ಲ. ಊರೂರು ನಡೆದು, ತಂತಮ್ಮಲ್ಲಿಯೇ ಮುಚ್ಚಿಕೊಂಡವರನ್ನು ಹುಡುಕಿ ಮಾತನಾಡಿಸುವುದು. ಈ ಸಂಗತಿಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ.

ಪ್ರಭುದೇವರ ಪೂರ್ವಚರಿತ್ರೆಯ ವಿಷಯದಲ್ಲಿ ಕವಿಗಳು ಒಮ್ಮತದವರಲ್ಲ. ಹರಿಹರನ ಪ್ರಭುದೇವರ ರಗಳೆಯಲ್ಲಿ ಅಲ್ಲಮನು ಮದ್ದಳೆ ಬಾರಿಸುವ ಕಲಾವಿದ. ಕಾಮಲತೆಯನ್ನು ಒಲಿದು ವರಿಸಿದವನು. ಅವಳು ಜ್ವರಪೀಡಿತಳಾಗಿ ತೀರಿಕೊಂಡಾಗ ಅವನು ಬುದ್ಧಿ ಕದಡಿ, ಊರನ್ನು ಬಿಟ್ಟು, ಗುರಿಯಿಲ್ಲದೆ ಅಲೆಯುತ್ತಾನೆ. ಹಾಗೆ ಅಲೆಯುತ್ತ ತೋಟವೊಂದರಲ್ಲಿ ಕಾಲುಗುರಿನಿಂದ ನೆಲವನ್ನು ಕೆದಕುತ್ತಿರುವಾಗ ಹೂತುಹೋದ ದೇಗುಲದ ಕಳಸ ಕಾಣುತ್ತದೆ. ಅಗೆಸಿ ಒಳಹೊಕ್ಕಾಗ ಅಲ್ಲಿ ಲಿಂಗದಲ್ಲಿ ದೃಷ್ಟಿ ನೆಟ್ಟು ಕುಳಿತ ಅನಿಮಿಷಯ್ಯನ ದರ್ಶನವಾಗುತ್ತದೆ. ಆ ಲಿಂಗ ಅಲ್ಲಮನ ಕೈಸೇರುತ್ತದೆ. ಚಾಮರಸನಾದರೋ ತನ್ನ ಪ್ರಭುಲಿಂಗಲೀಲೆಯಲ್ಲಿ ಈ ವಿರಹದ ಕಥೆಯನ್ನು ಒಪ್ಪುವುದಿಲ್ಲ. ಅಲ್ಲಿಯ ಅಲ್ಲಮನು ಮಾಯೆ ಮುಟ್ಟಲಾರದ ನಿತ್ಯನಿರ್ಲಿಪ್ತ.

ಭಕ್ತಿಯ ದೃಷ್ಟಿಗೆ ಚಾಮರಸನ ಅಲ್ಲಮ ಹೆಚ್ಚು ಉನ್ನತನಾಗಿ ಕಾಣಬಹುದು. ಆದರೂ ಹರಿಹರನ ಚಿತ್ರದಲ್ಲಿ ಕಡೆಗಣಿಸಲಾಗದ ಸತ್ಯವೊಂದಿದೆ. ಅವನ ಅಲ್ಲಮನು ಮೊದಲು ಲೋಕವನ್ನು ಬಿಟ್ಟದ್ದು ಜ್ಞಾನದಿಂದಲ್ಲ, ದುಃಖದಿಂದ. ಆ ಬಿಡುಗೆ ವಿರಕ್ತಿಯಾಗಿರಲಿಲ್ಲ, ಪೆಟ್ಟು ತಿಂದ ಜೀವದ ವಿಮುಖತೆಯಾಗಿತ್ತು. ಇನ್ನೊಬ್ಬರ ಸನ್ನಿಧಿ ದೊರೆತ ಬಳಿಕವೇ ಅದು ವಿರಕ್ತಿಯಾಗಿ ಮಾರ್ಪಟ್ಟಿತು. ನೋವಿನಿಂದ ಹುಟ್ಟಿದ ಏಕಾಂತವನ್ನು ಹರಿಹರನು ಹಳಿಯಲಿಲ್ಲ. ಅದನ್ನೇ ಮೋಕ್ಷವೆಂದು ಹಾಡಿಹೊಗಳಲೂ ಇಲ್ಲ. ಅದು ದಾರಿಯ ಆರಂಭವಾಗಬಲ್ಲದು ಎಂದಷ್ಟೇ ತೋರಿಸಿದನು.

ಈ ಹಿನ್ನೆಲೆಯಲ್ಲಿ ಮುಕ್ತಾಯಕ್ಕನ ಪ್ರಸಂಗವನ್ನು ನೋಡಬೇಕು. ಲಕ್ಕುಂಡಿಯ ಅಜಗಣ್ಣನು ತನ್ನ ಭಕ್ತಿಯನ್ನು ಯಾರಿಗೂ ತೋರಗೊಡದ ಗುಪ್ತಭಕ್ತ. ತಂಗಿ ಮುಕ್ತಾಯಕ್ಕನಿಗೆ ಅವನು ಒಡಹುಟ್ಟಿದವನಷ್ಟೇ ಅಲ್ಲ, ಗುರುವೂ ಹೌದು. ಅವಳ ವಚನಗಳ ಅಂಕಿತವೇ ಅವನ ಹೆಸರು. ಅವನು ಲಿಂಗೈಕ್ಯನಾದಾಗ ಅವಳು ಶೋಕದಲ್ಲಿ ಮುಳುಗುತ್ತಾಳೆ. ಪ್ರಭುದೇವರು ಅಲ್ಲಿಗೆ ಬಂದು ಅವಳನ್ನು ಮಾತನಾಡಿಸುತ್ತಾರೆ. ಇಲ್ಲಿ ಓದುಗನು ಒಂದು ಸಾಂತ್ವನದ ದೃಶ್ಯವನ್ನು ನಿರೀಕ್ಷಿಸಿದರೆ ಅವನಿಗೆ ಅಚ್ಚರಿ ಕಾದಿದೆ. ಮುಕ್ತಾಯಕ್ಕ ತಲೆತಗ್ಗಿಸಿ ಉಪದೇಶ ಕೇಳುವವಳಲ್ಲ. ಅವಳು ಪ್ರಭುದೇವರನ್ನೇ ಪ್ರಶ್ನಿಸುತ್ತಾಳೆ. ತನ್ನ ಅಣ್ಣನದು ಮಾತು ಅಡಗಿದ ನಿಲವು. ಎದುರಿಗೆ ನಿಂತವರು ಇನ್ನೂ ಮಾತಿನಲ್ಲಿಯೇ ಇದ್ದಾರಲ್ಲ ಎಂದು ಆಕ್ಷೇಪಿಸುತ್ತಾಳೆ. ಪ್ರಭುದೇವರು ಆ ಆಕ್ಷೇಪವನ್ನು ಅಲ್ಲಗಳೆದು ಎದ್ದುಹೋಗುವುದಿಲ್ಲ. ಒಂದೊಂದು ಮಾತಿಗೂ ಮಾತು ಕೊಡುತ್ತ ನಿಲ್ಲುತ್ತಾರೆ. ಈ ವಾದದ ನಡುವೆಯೇ ಅವಳ ಶೋಕ ಅರಿವಿನ ಕಡೆಗೆ ತಿರುಗುತ್ತದೆ.

ದುಃಖದಲ್ಲಿ ಮುಚ್ಚಿಕೊಂಡ ಮನಸ್ಸಿಗೆ ಸಮಾಧಾನದ ಸಿದ್ಧವಾಕ್ಯಗಳು ಹಿಡಿಸುವುದಿಲ್ಲ. ತನ್ನ ನೋವಿಗೆ ತಕ್ಕ ಮರ್ಯಾದೆ ಸಲ್ಲಬೇಕೆಂದು ಅದು ಬಯಸುತ್ತದೆ. ಸಲ್ಲದಿದ್ದಲ್ಲಿ ಇನ್ನಷ್ಟು ಒಳಸರಿಯುತ್ತದೆ. ಮುಕ್ತಾಯಕ್ಕನ ಪ್ರಸಂಗದಲ್ಲಿ ಪ್ರಭುದೇವರು ಅವಳ ನೋವನ್ನು ವಿಚಾರಕ್ಕೆ ಅರ್ಹವಾದುದೆಂದು ಪರಿಗಣಿಸಿದ್ದಾರೆ. ಅವಳನ್ನು ಸಮಾನಳಾಗಿ ಕಂಡದ್ದೇ ಅಲ್ಲಿಯ ಚಿಕಿತ್ಸೆ ಎನ್ನಬಹುದು.

ಎರಡನೆಯ ಉದಾಹರಣೆ ಮರುಳಶಂಕರದೇವರದು. ಇದು ಕಲ್ಯಾಣದೊಳಗೇ ನಡೆದ ಸಂಗತಿಯೆಂಬುದು ಅದರ ವೈಶಿಷ್ಟ್ಯ. ಬಸವಣ್ಣನವರ ಮಹಾಮನೆಯಲ್ಲಿ ನಿತ್ಯವೂ ಜಂಗಮದಾಸೋಹ. ಬಂದವರಿಗೆಲ್ಲ ಆದರ, ಅನ್ನ, ಆಸನ. ಅದೇ ಮಹಾಮನೆಯ ಪ್ರಸಾದಕುಂಡದ ಬಳಿ ಒಬ್ಬನು ಮರುಳನಂತೆ ವರ್ತಿಸುತ್ತ, ಶರಣರ ಪ್ರಸಾದವನ್ನೇ ಸೇವಿಸುತ್ತ, ಯಾರ ಅರಿವಿಗೂ ಬಾರದೆ ಕಾಲ ಕಳೆದನು. ಸಂಪ್ರದಾಯದ ಎಣಿಕೆಯಂತೆ ಹೀಗೆ ಕಳೆದುದು ೧೨ ವರ್ಷ. ಕಲ್ಯಾಣಕ್ಕೆ ಹೊಸದಾಗಿ ಬಂದ ಪ್ರಭುದೇವರು ಅವನ ನಿಲವನ್ನು ಗುರುತಿಸಿ ಬಸವಾದಿಗಳಿಗೆ ತೋರಿಸಿಕೊಟ್ಟಾಗ ಬಸವಣ್ಣನವರು ಪಟ್ಟ ಪಶ್ಚಾತ್ತಾಪ ದೊಡ್ಡದು. ಮನೆಯ ಬಾಗಿಲಲ್ಲೇ ಇದ್ದವನನ್ನು ತಾವು ಅರಿಯದೆ ಹೋದೆವಲ್ಲ ಎಂಬ ಅಳಲು ಅದು.

ಈ ಪ್ರಸಂಗವನ್ನು ಮರುಳಶಂಕರದೇವರ ಮಹಿಮೆಯನ್ನು ಸಾರುವ ಕಥೆಯೆಂದು ಮಾತ್ರ ಓದುವುದು ವಾಡಿಕೆ. ಮಹಿಮೆ ಇದೆ, ನಿಜ. ಆದರೆ ಸಂಕಲನಕಾರರು ಅದರ ಜೊತೆಗೆ ಇನ್ನೊಂದನ್ನೂ ಹೇಳಿದ್ದಾರೆ. ಗುಡ್ಡಗವಿಗಳಲ್ಲಿ ಮಾತ್ರ ಮನುಷ್ಯ ಕಣ್ಮರೆಯಾಗುತ್ತಾನೆಂದಿಲ್ಲ. ತುಂಬಿದ ಮನೆಯಲ್ಲಿಯೂ ಕಣ್ಮರೆಯಾಗಬಲ್ಲನು. ಲಕ್ಷಕ್ಕೂ ಮಿಕ್ಕ ಜಂಗಮರಿಗೆ ಉಣಬಡಿಸಿತೆಂದು ಪರಂಪರೆ ಕೊಂಡಾಡುವ ದಾಸೋಹದ ಮನೆಯೂ ಒಬ್ಬನನ್ನು ನೋಡದೆ ಉಳಿಯಬಹುದು. ಬಸವಣ್ಣನವರಂಥವರ ದೃಷ್ಟಿಗೇ ಹೀಗೆ ಒಬ್ಬನು ತಪ್ಪಿಹೋದನೆಂದು ಬರೆಯಲು ಆ ಸಂಕಲನಕಾರರಿಗೆ ಧೈರ್ಯ ಬೇಕಾಗಿತ್ತು. ಅವರು ಬರೆದರು, ಏಕೆಂದರೆ ಅನ್ನ ನೀಡುವುದೂ ಆಳನ್ನು ಅರಿಯುವುದೂ ಒಂದೇ ಅಲ್ಲವೆಂಬುದು ಅವರಿಗೆ ತಿಳಿದಿತ್ತು.

ಕಣ್ಮರೆಯಾಗುವ ಮೂರನೆಯ ಬಗೆ ಇನ್ನೂ ಸೂಕ್ಷ್ಮವಾದುದು. ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮಯ್ಯನವರು ಕೆರೆಗಳನ್ನು ಕಟ್ಟಿಸಿ ದೇಗುಲಗಳನ್ನು ನಿಲ್ಲಿಸಿದ ಕರ್ಮಯೋಗಿಗಳು. ಅವರು ಲೋಕದಿಂದ ದೂರ ಸರಿದವರೆಂದು ಯಾರೂ ಹೇಳಲಾರರು. ಆದರೂ ಪ್ರಭುದೇವರು ಸೊನ್ನಲಿಗೆಗೆ ಹೋಗಿ, ಕಲ್ಲುಮಣ್ಣಿನ ಕೆಲಸದವನೆಂದು ಅವರನ್ನು ಕೆಣಕಿ ಕರೆಯುತ್ತಾರೆ. ಸಿಟ್ಟಿಗೆದ್ದ ಶಿಷ್ಯರು ಕಲ್ಲು ಬೀರುತ್ತಾರೆ. ಕೊನೆಗೆ ಸಿದ್ಧರಾಮಯ್ಯನವರು ಎದುರಾಗಿ ವಾದಕ್ಕಿಳಿಯುತ್ತಾರೆ. ಪ್ರಭುದೇವರೊಡನೆ ಕಲ್ಯಾಣಕ್ಕೆ ಬಂದು ಚೆನ್ನಬಸವಣ್ಣನವರಿಂದ ಇಷ್ಟಲಿಂಗದೀಕ್ಷೆ ಪಡೆಯುತ್ತಾರೆ. ಬಿಡುವಿಲ್ಲದ ಕಾರ್ಯವೂ ತನ್ನನ್ನು ತಾನು ಎದುರಿಸದಿರಲು ಕಟ್ಟಿಕೊಂಡ ಗೋಡೆಯಾಗಬಹುದೆಂಬುದು ಇಲ್ಲಿಯ ಇಂಗಿತ. ಕೆರೆ ಕಟ್ಟುವುದು ತಪ್ಪೆಂದು ಪ್ರಭುದೇವರ ಅಭಿಪ್ರಾಯವಲ್ಲ. ಕೆರೆಯ ಏರಿಯ ಹಿಂದೆ ಕಟ್ಟಿಸಿದವನು ಮರೆಯಾಗಬಾರದೆಂಬುದು ಅಭಿಪ್ರಾಯ.

ಗೂಳೂರು ಸಿದ್ಧವೀರಣ್ಣೊಡೆಯನ ಪರಿಷ್ಕರಣದಲ್ಲಿಯೂ ಪ್ರಭುಲಿಂಗಲೀಲೆಯಲ್ಲಿಯೂ ಬರುವ ಗೋರಕ್ಷನ ಕಥೆ ಇದಕ್ಕೆ ಇನ್ನೊಂದು ಮುಖ. ಗೋರಕ್ಷನು ಸಾಧನೆಯಿಂದ ದೇಹವನ್ನು ವಜ್ರದಂತೆ ಮಾಡಿಕೊಂಡವನು. ಕತ್ತಿಯ ಏಟಿಗೆ ಅವನ ಮೈ ಖಣಿಲೆನ್ನುತ್ತದೆ, ಗಾಯವಾಗುವುದಿಲ್ಲ. ಅದೇ ಕತ್ತಿಯನ್ನು ಪ್ರಭುದೇವರ ಮೇಲೆ ಬೀಸಿದಾಗ ಅದು ಬಯಲಲ್ಲಿ ಆಡಿದಂತೆ ಹಾದುಹೋಗುತ್ತದೆ. ಯಾವುದೂ ತಾಗದಂತೆ ಗಟ್ಟಿಯಾಗುವುದು ಒಂದು ಬಗೆ. ತಾಗಿಸಿಕೊಳ್ಳುವ ಅಹಂಭಾವವೇ ಉಳಿಯದಂತೆ ಬಯಲಾಗುವುದು ಇನ್ನೊಂದು ಬಗೆ. ಲೋಕದ ಪೆಟ್ಟಿಗೆ ಹೆದರಿ ಕವಚ ತೊಟ್ಟವನು ಪೆಟ್ಟಿನಿಂದ ಪಾರಾಗಬಹುದು. ಆದರೆ ಸ್ಪರ್ಶದಿಂದಲೂ ವಂಚಿತನಾಗುತ್ತಾನೆ. ಇಂಥ ಗಟ್ಟಿತನವನ್ನು ಹಲವರು ವೈರಾಗ್ಯವೆಂದು ತಪ್ಪು ತಿಳಿಯುತ್ತಾರೆ. ಶೂನ್ಯಸಂಪಾದನೆ ಹಾಗೆ ತಿಳಿಯಲಿಲ್ಲ.

ಇಷ್ಟನ್ನು ನೋಡಿ, ವಚನಪರಂಪರೆಯು ಏಕಾಂತವನ್ನೇ ಒಪ್ಪಲಿಲ್ಲವೆಂದು ತೀರ್ಮಾನಿಸಿದರೆ ಅದು ಅವಸರದ ತೀರ್ಮಾನವಾದೀತು. ಅಕ್ಕಮಹಾದೇವಿಯ ಚರಿತ್ರೆ ಅದನ್ನು ತಡೆಯುತ್ತದೆ. ಉಡುತಡಿಯ ಮಹಾದೇವಿಯನ್ನು ಕೌಶಿಕನು ಬಯಸಿದನು. ವಿವಾಹ ನಡೆಯಿತೆಂದು ಹರಿಹರ, ನಡೆಯಲಿಲ್ಲವೆಂದು ಚಾಮರಸ. ಹೇಗೇ ಇರಲಿ, ಅವಳು ಅರಮನೆಯನ್ನೂ ಉಡುಗೆಯನ್ನೂ ತೊರೆದು ಹೊರಟಳೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಶೂನ್ಯಸಂಪಾದನೆಯ ಪ್ರಕಾರ ಅವಳು ಮೊದಲು ಬಂದದ್ದು ಕಲ್ಯಾಣಕ್ಕೆ. ಅಲ್ಲಿ ಕಿನ್ನರಿ ಬೊಮ್ಮಯ್ಯನು ಅವಳನ್ನು ಪರೀಕ್ಷಿಸಿದನು. ಅನುಭವಮಂಟಪದಲ್ಲಿ ಪ್ರಭುದೇವರು ನೇರವಾಗಿ, ನಿಷ್ಠುರವಾಗಿಯೇ ಪ್ರಶ್ನಿಸಿದರು. ಎಲ್ಲವನ್ನೂ ಬಿಟ್ಟ ಮೇಲೆ ಕೂದಲಿನಿಂದ ಮೈಯನ್ನು ಮರೆಸಿಕೊಂಡದ್ದೇಕೆಂಬುದು ಆ ಪ್ರಶ್ನೆಗಳಲ್ಲೊಂದು. ಅದು ತನ್ನ ನಾಚಿಕೆಗಾಗಿ ಅಲ್ಲ, ನೋಡುವವರ ಮನಸ್ಸಿಗೆ ನೋವಾಗದಿರಲೆಂದು ಎಂಬ ಅರ್ಥದ ಉತ್ತರ ಅವಳದು. ಲೋಕವನ್ನು ಬಿಟ್ಟವಳ ಮನಸ್ಸಿನಲ್ಲಿ ಲೋಕದ ಬಗೆಗೆ ದ್ವೇಷವಾಗಲಿ ತಿರಸ್ಕಾರವಾಗಲಿ ಉಳಿದಿಲ್ಲ, ಕರುಣೆ ಉಳಿದಿದೆ ಎಂಬುದಕ್ಕೆ ಈ ಉತ್ತರವೇ ಸಾಕ್ಷಿ.

ಆ ಬಳಿಕ ಅವಳು ಶ್ರೀಶೈಲದ ಕದಳಿಗೆ ಹೊರಟಾಗ ಕಲ್ಯಾಣವು ಅವಳನ್ನು ತಡೆಯಲಿಲ್ಲ. ತವರಿನಿಂದ ಮಗಳನ್ನು ಗಂಡನ ಮನೆಗೆ ಕಳುಹಿಸುವಂತೆ ಶರಣರು ಅವಳನ್ನು ಹರಸಿ ಕಳುಹಿಸಿಕೊಟ್ಟರು. ಕೌಶಿಕನ ಮನೆಯಿಂದ ಹೊರಟಾಗ ಅವಳದು ಒಲ್ಲದುದನ್ನು ಬಿಟ್ಟು ಹೊರಟ ಹೆಜ್ಜೆ; ಕಲ್ಯಾಣದಿಂದ ಹೊರಟಾಗ ಒಲಿದುದನ್ನು ಅರಸಿ ಹೊರಟ ಹೆಜ್ಜೆ. ಕಾಡು ಒಂದೇ, ಒಂಟಿತನವೂ ಒಂದೇ. ಆದರೆ ಮೊದಲ ಹೆಜ್ಜೆಯ ಬೆನ್ನಿಗೆ ಯಾರೂ ಇರಲಿಲ್ಲ, ಎರಡನೆಯ ಹೆಜ್ಜೆಯ ಬೆನ್ನಿಗೆ ಒಂದು ಸಮುದಾಯದ ಹರಕೆಯಿತ್ತು. ಪ್ರಶ್ನೆಗಳನ್ನು ಎದುರಿಸಿ, ಉತ್ತರ ಕೊಟ್ಟು, ಪ್ರೀತಿಯಿಂದ ಬೀಳ್ಕೊಂಡು ಪಡೆದ ಏಕಾಂತವೇ ವಿರಕ್ತಿ. ಅದನ್ನು ಮುರಿಯಲು ಯಾರಿಗೂ ಅಧಿಕಾರವಿಲ್ಲ.

ಮೋಳಿಗೆಯ ಮಾರಯ್ಯನ ದೃಷ್ಟಾಂತ ಈ ವಿವೇಕಕ್ಕೆ ಗೃಹಸ್ಥಾಶ್ರಮದ ಕಡೆಯಿಂದ ಪುಷ್ಟಿ ಕೊಡುತ್ತದೆ. ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಬಂದವನೆಂದು ಪರಂಪರೆ ಹೇಳುವ ಈ ಶರಣನು ಕಾಡಿಗೆ ಹೋದದ್ದು ತಪಸ್ಸಿಗಲ್ಲ, ಕಟ್ಟಿಗೆ ತರುವುದಕ್ಕೆ. ಹೊರೆ ಹೊತ್ತು ತಂದು ಕಲ್ಯಾಣದಲ್ಲಿ ಮಾರಿ, ಬಂದುದರಿಂದ ದಾಸೋಹ ನಡೆಸಿದನು. ಮುಂದೆ ಅವನು ಲಿಂಗೈಕ್ಯದ ಹಂಬಲದಲ್ಲಿ ತೊಡಗಿದಾಗ ಅವನ ಮಡದಿ ಮಹಾದೇವಿಯೇ ಎಚ್ಚರಿಸಿದಳು: ಇಲ್ಲಿರುವುದನ್ನು ಬೇರೊಂದೆಡೆ ಅರಸುವುದು ಅರಿವಿನ ಲಕ್ಷಣವಲ್ಲವೆಂಬುದು ಅವಳ ಮಾತಿನ ಸಾರ. ಬಿಟ್ಟುಹೋಗುವ ಆಸೆಯೂ ಒಂದು ಆಸೆಯೇ ಎಂಬುದನ್ನು ತಿಳಿಸಲು ಇಲ್ಲಿ ಪ್ರಭುದೇವರೂ ಬೇಕಾಗಲಿಲ್ಲ. ಒಲೆಯ ಮುಂದಿನ ಶರಣೆ ಸಾಕಾದಳು.

ಈ ದೃಷ್ಟಾಂತಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಸಂಕಲನಕಾರರ ಒರೆಗಲ್ಲು ಸ್ಪಷ್ಟವಾಗುತ್ತದೆ. ಒಬ್ಬನು ಎಲ್ಲಿದ್ದಾನೆ, ಕಾಡಿನಲ್ಲೋ ನಾಡಿನಲ್ಲೋ ಎಂದು ಅವರು ಕೇಳಲಿಲ್ಲ. ಏತಕ್ಕಾಗಿ ಬಿಟ್ಟನು, ಕರೆದಾಗ ಓಗೊಡಬಲ್ಲನೇ, ಅವನ ಏಕಾಂತದಿಂದ ಅನ್ಯರಿಗೆ ಕರುಣೆ ಹರಿಯುತ್ತದೆಯೇ ಎಂದು ಕೇಳಿದರು. ಓಗೊಡಬಲ್ಲವನ ಏಕಾಂತ ವಿರಕ್ತಿ. ಓಗೊಡಲಾರದವನದು ವಿಮುಖತೆ, ಅದು ಅಪರಾಧವಲ್ಲ, ಆದರೆ ಅವನನ್ನು ಹುಡುಕಿಕೊಂಡು ಹೋಗುವುದು ಉಳಿದವರ ಕರ್ತವ್ಯ.

ಮುಂದಿನ ಇತಿಹಾಸವೂ ಇದೇ ದಾರಿಯಲ್ಲಿ ನಡೆಯಿತು. ತೋಂಟದ ಸಿದ್ಧಲಿಂಗ ಯತಿಗಳು ನಾಗಿನಿ ನದಿಯ ಬಳಿಯ ಕಗ್ಗೆರೆಯ ತೋಟದಲ್ಲಿ ದೀರ್ಘಕಾಲ ತಪೋಮಗ್ನರಾಗಿದ್ದರು. ಅವರ ಹೆಸರಿಗೆ ಆ ತೋಟವೇ ಸೇರಿಕೊಂಡಿತು. ಆದರೆ ಆ ಏಕಾಂತದಿಂದ ಹೊರಬಂದದ್ದು ಷಟ್‌ಸ್ಥಲ ಜ್ಞಾನಸಾರಾಮೃತದ ೭೦೧ ವಚನಗಳು ಮತ್ತು ನಾಡನ್ನೆಲ್ಲ ಸಂಚರಿಸಿದ ಚರಜಂಗಮರ ದೊಡ್ಡ ಪರಂಪರೆ. ಗೂಳೂರು ಸಿದ್ಧವೀರಣ್ಣೊಡೆಯನೂ ಅದೇ ಪರಂಪರೆಯವನು. ವಿರಕ್ತಮಠಗಳು ಕಾಲಕ್ರಮದಲ್ಲಿ ಪಾಠಶಾಲೆಗಳೂ ಪ್ರಸಾದನಿಲಯಗಳೂ ಆದುದನ್ನು ನಾಡು ಕಂಡಿದೆ. ೧೯೩೦ರಲ್ಲಿ ವಿರಕ್ತಾಶ್ರಮ ಸ್ವೀಕರಿಸಿದ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ೨೦೧೯ರಲ್ಲಿ ಲಿಂಗೈಕ್ಯರಾಗುವವರೆಗೆ ತಮ್ಮ ಒಂದು ಮನೆಯನ್ನು ಬಿಟ್ಟುದರ ಫಲವಾಗಿ ಸಾವಿರಾರು ಮಕ್ಕಳಿಗೆ ಮನೆ ದೊರೆಯಿತು.

ಆಧುನಿಕ ಮನಶ್ಶಾಸ್ತ್ರವೂ ಬೇರೊಂದು ದಾರಿಯಿಂದ ಇದೇ ಪ್ರಶ್ನೆಯ ಬಳಿಗೆ ಬಂದಿದೆ. ಕಾರ್ಲ್ ಯೂಂಗ್ ೧೯೨೧ರಲ್ಲಿ ಪ್ರಕಟಿಸಿದ ವ್ಯಕ್ತಿತ್ವಪ್ರಭೇದಗಳ ಗ್ರಂಥದಲ್ಲಿ ಅಂತರ್ಮುಖತೆಯನ್ನು ರೋಗವೆಂದು ಕರೆಯದೆ ಮನಸ್ಸಿನ ಸಹಜವಾದ ಒಂದು ಒಲವೆಂದು ನಿರೂಪಿಸಿದನು. ಆದರೆ ಸಹಜವಾದ ಒಲವು ಬೇರೆ, ಬಾಗಿಲನ್ನು ಮುಚ್ಚಿಸುವ ಸಂಕಟ ಬೇರೆ. ಜಪಾನಿನಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮನೆಯಿಂದ ಹೊರಬಾರದವರ ಸ್ಥಿತಿಗೆ ಹಿಕಿಕೊಮೊರಿ ಎಂಬ ಹೆಸರಿದೆ. ಇದು ತರುಣರ ಸಮಸ್ಯೆಯೆಂದೇ ಮೊದಲು ಭಾವಿಸಲಾಗಿತ್ತು. ೪೦ರಿಂದ ೬೪ ವಯಸ್ಸಿನವರಲ್ಲಿ ಸುಮಾರು ೬,೧೩,೦೦೦ ಮಂದಿ ಹೀಗಿದ್ದಾರೆಂದು ಅಲ್ಲಿಯ ಸರ್ಕಾರ ೨೦೧೯ರಲ್ಲಿ ಅಂದಾಜು ಮಾಡಿ ಪ್ರಕಟಿಸಿದಾಗ ಆ ಭಾವನೆ ಅಳಿಯಿತು. ಐವತ್ತರ ಮಕ್ಕಳನ್ನು ಎಂಬತ್ತರ ತಂದೆತಾಯಿಗಳು ಸಾಕುತ್ತಿರುವ ಮನೆಗಳು ಅಲ್ಲಿ ಇವೆ.

ದೂರದ ದೇಶದ ಸುದ್ದಿಯೆಂದು ಇದನ್ನು ತಳ್ಳಿಹಾಕುವಂತಿಲ್ಲ. ಮಡದಿ ತೀರಿಕೊಂಡ ಮೇಲೆ ಜಗುಲಿಗೆ ಬಾರದ ಹಿರಿಯ, ಕೆಲಸ ಕಳೆದುಕೊಂಡು ನೆಂಟರ ಮನೆಯ ಕಾರ್ಯಗಳಿಗೆ ಹೋಗುವುದನ್ನೇ ನಿಲ್ಲಿಸಿದ ಮಧ್ಯವಯಸ್ಕ, ಮಾತು ಕಡಿಮೆ ಮಾಡಿ ಒಳಕೋಣೆ ಸೇರಿದ ಸೊಸೆ, ಇಂಥವರು ಯಾವ ಊರಿನಲ್ಲಿ ಇಲ್ಲ? ಅವರಿಗೆ ವೈರಾಗ್ಯ ಬಂದಿದೆ ಎಂದು ಹೇಳಿ ಉಳಿದವರು ಹಗುರಾಗುವುದು ಸುಲಭ. ಆ ಮಾತು ನಿಜವಿರಬಹುದು, ಇಲ್ಲದೆಯೂ ಇರಬಹುದು. ಹೋಗಿ ಕೇಳದೆ ಅದು ತಿಳಿಯುವುದಿಲ್ಲ. ಅಕ್ಕಮಹಾದೇವಿಯಂತೆ ಉತ್ತರ ಕೊಟ್ಟರೆ ಕೈಮುಗಿದು ದಾರಿ ಬಿಡಬೇಕು. ಮುಕ್ತಾಯಕ್ಕನಂತೆ ಮರುಪ್ರಶ್ನೆ ಹಾಕಿದರೆ ಕುಳಿತು ಕೇಳಬೇಕು. ಮರುಳಶಂಕರದೇವರಂತೆ ಏನೂ ಹೇಳದಿದ್ದರೆ ಅವರ ನಿಲವನ್ನು ಅರಿಯುವಷ್ಟು ಹೊತ್ತು ಕಣ್ಣಿಟ್ಟು ನೋಡಬೇಕು.

ಅನುಭವಮಂಟಪದ ಕೀರ್ತಿಯನ್ನು ಅಲ್ಲಿ ಕುಳಿತವರ ಹೆಸರುಗಳಿಂದ ಎಣಿಸುವುದು ರೂಢಿಯಾಗಿದೆ. ಅಲ್ಲಿಗೆ ಬಾರದೆ ಉಳಿದಿದ್ದವರನ್ನು ಅರಸಿಕೊಂಡು ಪ್ರಭುದೇವರು ನಡೆದ ದಾರಿಯೂ ಆ ಮಂಟಪದ್ದೇ ಒಂದು ಭಾಗವೆಂಬುದನ್ನು ಶೂನ್ಯಸಂಪಾದನೆಯ ವಿರಕ್ತರು ಬರೆದಿಟ್ಟು ಹೋಗಿದ್ದಾರೆ.